‘ಬ್ರೇಕ್ ಫೇಲ್’ ಎಂದು ಬರೆಯುವ ಮುಂಚೆ ಗಾಡಿ ಯಾವ ಗೇರಿನಲ್ಲಿತ್ತು ಎಂದು ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಪುಣೆಯ ಆಂಬೇಗಾಂವ್‌ನಲ್ಲಿ ಇರುವವಳು. ಮೂಲ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಹತ್ತೊಂಬತ್ತು ವರ್ಷದಿಂದ ಇಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಿದ್ದೇನೆ. ಮುಂಬೈ–ಬೆಂಗಳೂರು ಹೆದ್ದಾರಿ ನಮ್ಮ ಮನೆಗೆ ಕೂಗಳತೆಯ ದೂರ. ಕಾತ್ರಜ್‌ನ ಹೊಸ ಸುರಂಗ ದಾಟಿದ ಲಾರಿಗಳು ದರಿ ಪೂಲ್ ಎಂಬ ಸೇತುವೆ ಮೇಲಿಂದ ನವಲೆ ಬ್ರಿಡ್ಜ್ ಕಡೆಗೆ ಇಳಿಯುವುದು ನಮ್ಮ ಮಾಳಿಗೆಯಿಂದ ಕಾಣುತ್ತದೆ. ಆ ಇಳಿಜಾರಿನಲ್ಲಿ ಅಪಘಾತ ಆದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಮಾತು ಓದುತ್ತೇನೆ. ‘ಬ್ರೇಕ್ ಫೇಲ್.’ ಆ ಮಾತಿನ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಆದರೂ ಪೂರ್ತಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ಹೋದ ಅಕ್ಟೋಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳಿಗೂ ಡ್ರೈವಿಂಗ್ ಎಂದರೆ ಪ್ರಾಣ. ‘ಅವ್ವಾ, ನಿನಗೊಂದು ಘಾಟ್ ತೋರಸ್ತೀನಿ, ಇಂಥಾದ್ದು ನೀ ನೋಡಿಲ್ಲ’ ಎಂದು ಆರು ತಾಸು ಕಾರಿನಲ್ಲಿ ಕೂರಿಸಿಕೊಂಡು ಯೂಟಾ ರಾಜ್ಯದ ಮೋಆಬ್ ಎಂಬ ಊರಿಗೆ ಕರೆದುಕೊಂಡು ಹೋದಳು. ಅದು ಮರುಭೂಮಿ. ನಾನು ಮರುಭೂಮಿ ಎಂದರೆ ಬರೀ ಮರಳು ಅಂದುಕೊಂಡಿದ್ದೆ. ಅಲ್ಲಿರುವುದು ಕೆಂಪು ಬಂಡೆ. ಕಣ್ಣು ಹಾಯುವಷ್ಟು ದೂರ ಬಂಡೆ, ಕೊರಕಲು, ಅಲ್ಲೊಂದು ಇಲ್ಲೊಂದು ಕುಳ್ಳಗಿನ ಜುನಿಪರ್ ಗಿಡ. ಕೊಲೊರಾಡೊ ಮತ್ತು ಗ್ರೀನ್ ಎಂಬ ಎರಡು ನದಿಗಳು ಆ ಬಂಡೆಯನ್ನು ಕೊರೆದು ಆಳವಾದ ಕಣಿವೆ ಮಾಡಿವೆ. ಈ ಜಾಗವನ್ನು 1964ರಲ್ಲಿ ಕ್ಯಾನಿಯನ್‌ಲ್ಯಾಂಡ್ಸ್ ಎಂಬ ರಾಷ್ಟ್ರೀಯ ಉದ್ಯಾನ ಮಾಡಿದರು.

ಮಗಳು ಹೇಳಿದ ಘಾಟ್ ಅಲ್ಲಿಯದೇ. ಹೆಸರು ಶೇಫರ್ ಟ್ರೇಲ್. ಮೇಲಿನ ಬಯಲಿನಿಂದ ಕಣಿವೆಯ ತಳದ ಕಡೆಗೆ ಸುಮಾರು 1,500 ಅಡಿ ಇಳಿಯುವ ಕಚ್ಚಾ ರಸ್ತೆ. ನೆಟ್ಟಗೆ ನಿಂತ ಬಂಡೆಯ ಗೋಡೆಯಲ್ಲೇ ಕೊರೆದಿದ್ದಾರೆ. ಮೇಲಿನಿಂದ ಬಗ್ಗಿ ನೋಡಿದಾಗ ನನಗೆ ನೆನಪಾಗಿದ್ದು ನಮ್ಮೂರ ಮನೆಯ ಗೋಡೆ. ಗೆದ್ದಲು ಗೋಡೆ ಮೇಲೆ ಕೆಂಪು ಮಣ್ಣಿನ ಸಣ್ಣ ದಾರಿ ಮಾಡುತ್ತದಲ್ಲ, ಒಮ್ಮೆ ಎಡಕ್ಕೆ ಹೋಗಿ, ತಿರುಗಿ ಬಲಕ್ಕೆ ಬಂದು, ಮತ್ತೆ ಎಡಕ್ಕೆ? ಥೇಟ್ ಹಾಗೆ. ಆ ದಾರಿಯ ಮೇಲೆ ಒಂದು ಬಿಳಿ ಚುಕ್ಕೆ ಹರಿದಾಡುತ್ತಿತ್ತು. ‘ಅದು ಜೀಪ್ ಅವ್ವಾ’ ಎಂದಳು ಮಗಳು.

ಈ ರಸ್ತೆ ಹೇಗಾಯಿತು ಎಂಬುದೂ ಕೇಳುವಂಥದ್ದೇ. ಮೊದಲು ಅಲ್ಲಿನ ಮೂಲ ನಿವಾಸಿಗಳು ಕಾಲಲ್ಲಿ ಹತ್ತಿ ಇಳಿಯುತ್ತಿದ್ದ ದಾರಿ. ಆಮೇಲೆ ದನ ಸಾಕುವವರು ಅದೇ ದಾರಿಯಲ್ಲಿ ದನಗಳನ್ನು ಕೆಳಗಿನ ಬಯಲಿಗೆ ಹೊಡೆದುಕೊಂಡು ಹೋಗಲು ಶುರು ಮಾಡಿದರು. ಶೇಫರ್ ಎಂಬುದು ಅಂಥ ಒಂದು ಮನೆತನದ ಹೆಸರು. 1950ರ ದಶಕದಲ್ಲಿ ಅಣುಬಾಂಬಿಗೆ ಬೇಕಾದ ಯುರೇನಿಯಂ ಹುಡುಕುವ ಭರಾಟೆ ಎದ್ದಿತು. ಆಗ ಅದಿರು ಸಾಗಿಸುವ ಟ್ರಕ್ಕುಗಳಿಗಾಗಿ ದನದ ದಾರಿಯನ್ನು ಅಗಲ ಮಾಡಿದರು. ಅಲ್ಲಿ ಯುರೇನಿಯಂ ಅಷ್ಟೇನೂ ಸಿಗಲಿಲ್ಲ. ರಸ್ತೆ ಉಳಿಯಿತು. ಲಾರಿ ಓಡಿಸುವವರ ಮನೆಯವಳಾದ ನನಗೆ ಈ ವಿಷಯ ಮನಸ್ಸಿನಲ್ಲಿ ನಿಂತಿತು. ಇವತ್ತು ನಾವು ಖುಷಿಗಾಗಿ ಹೋಗುವ ಆ ತಿರುವುಗಳಲ್ಲಿ ಎಪ್ಪತ್ತು ವರ್ಷದ ಹಿಂದೆ ಯಾರೋ ಹೊಟ್ಟೆಪಾಡಿಗಾಗಿ ಲೋಡ್ ಗಾಡಿ ಹೊಡೆದಿದ್ದಾರೆ.

ನಮ್ಮ ಕಾರಿನಲ್ಲಿ ಅಲ್ಲಿಗೆ ಇಳಿಯುವಂತಿರಲಿಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ, ನೆಲದಿಂದ ಎತ್ತರವಿರುವ ಗಾಡಿಯೇ ಬೇಕು. ಸಾಮಾನ್ಯ ಬಾಡಿಗೆ ಕಾರುಗಳ ಕರಾರಿನಲ್ಲಿ ಕಚ್ಚಾ ರಸ್ತೆಗೆ ಒಯ್ಯಬಾರದು ಎಂದು ಬರೆದಿರುತ್ತದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಓದುಗರು ಇದನ್ನು ಮರೆಯಬಾರದು. ಮೋಆಬ್‌ನಲ್ಲಿ ಇದಕ್ಕೆಂದೇ ಜೀಪ್ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಒಂದರಲ್ಲಿ ಜೀಪ್ ತೆಗೆದುಕೊಂಡೆವು.

ಅಂಗಡಿಯವರು ನನ್ನದೇ ವಯಸ್ಸಿನವರು, ಅರವತ್ತರ ಹತ್ತಿರ. ಕೈಯೆಲ್ಲ ಗ್ರೀಸ್. ಕೀ ಕೊಡುವ ಮುಂಚೆ ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ದೊಡ್ಡ ಗೇರಿನ ಪಕ್ಕದಲ್ಲಿದ್ದ ಸಣ್ಣ ಗೇರ್ ತೋರಿಸಿದರು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ, ಅಂದರೆ ಯಾವ ಗೇರೂ ಇಲ್ಲದ ಸ್ಥಿತಿಗೆ ತಂದು, ಆ ಸಣ್ಣ ಗೇರನ್ನು ಗಟ್ಟಿಯಾಗಿ ಎಳೆಯಬೇಕು. ‘ಖಟ್’ ಅಂತ ಕೂರುತ್ತದೆ. ಆಗ ಗಾಡಿ ನಡಿಗೆಯ ವೇಗಕ್ಕೆ ಬಂದು, ಎಂಜಿನ್ನೇ ಅದನ್ನು ಹಿಡಿದುಕೊಳ್ಳುತ್ತದೆ. ಮಗಳಿಂದ ಮೂರು ಸಲ ಮಾಡಿಸಿದರು. ಕೊನೆಗೆ ಅವರು ಹೇಳಿದ್ದು ನನಗೆ ಅರ್ಥ ಆಯಿತು, ಮಗಳು ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಇರುವುದು ಗಾಡಿ ನಿಲ್ಲಿಸಲಿಕ್ಕೆ, ಹಿಡಿದುಕೊಂಡು ಇಳಿಯಲಿಕ್ಕೆ ಅಲ್ಲ.

ನನಗೆ ಕಣ್ಣಲ್ಲಿ ನೀರು ಬಂತು. ಈ ಮಾತನ್ನು ನಮ್ಮವರು ನನಗೆ ಹೇಳಿದ್ದರು, ಹೀಗೆಯೇ.

ನಮ್ಮವರು ಲಾರಿ ಡ್ರೈವರ್. ಬೆಂಗಳೂರು–ಮುಂಬೈ ಲೈನಿನಲ್ಲಿ ಇಪ್ಪತ್ತಾರು ವರ್ಷ ಓಡಿಸಿದರು. ಈಗ ಅವರಿಲ್ಲ. ನಾನು ವ್ಯಾನ್ ಶುರು ಮಾಡಿದ ಮೂರನೇ ವರ್ಷ, ಒಂದು ಭಾನುವಾರ ನೆಂಟರನ್ನೆಲ್ಲ ತುಂಬಿಕೊಂಡು ಸಿಂಹಗಡಕ್ಕೆ ಹೋಗಿದ್ದೆ. ಗಡದಿಂದ ಇಳಿಯುವಾಗ ಮೇಲಿನಿಂದಲೇ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬಂದೆ. ಅರ್ಧ ದಾರಿಗೆ ವಾಸನೆ. ರಬ್ಬರ್ ಸುಟ್ಟ ಹಾಗೆ, ಆದರೆ ಇನ್ನೂ ಘಾಟು. ಮುಂದಿನ ತಿರುವಿನಲ್ಲಿ ಕಾಲೊತ್ತಿದರೆ ಪೆಡಲ್ ಮೆತ್ತಗಾಗಿತ್ತು. ಹೋಗುತ್ತೆ, ಹೋಗುತ್ತೆ, ಗಾಡಿ ಹಿಡಿಯುವುದಿಲ್ಲ. ಹಿಂದೆ ಮಕ್ಕಳು ಅಂತ್ಯಾಕ್ಷರಿ ಹಾಡುತ್ತಿದ್ದರು. ಹೇಗೋ ಸೆಕೆಂಡ್‌ಗೆ ಹಾಕಿ, ಆಮೇಲೆ ಫಸ್ಟ್‌ಗೆ ಹಾಕಿ, ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದೆ. ಚಕ್ರದಿಂದ ಹೊಗೆ ಬರುತ್ತಿತ್ತು. ಅಲ್ಲಿಯೇ ನಲವತ್ತು ನಿಮಿಷ ಕೂತೆವು. ರಾತ್ರಿ ಫೋನಿನಲ್ಲಿ ನಮ್ಮವರಿಗೆ ಹೇಳಿದಾಗ ಅವರು ಬೈಯಲಿಲ್ಲ. ‘ಹತ್ತಿದ ಗೇರ್‌ನಾಗ ಇಳೀಬೇಕು. ಬ್ರೇಕ್ ಅಂದ್ರ ನಿಂದ್ರಸಾಕ’ ಅಂದರು. ಮರುವಾರ ಊರಿಂದ ಬಂದವರೇ ನನ್ನನ್ನು ಹಳೇ ಕಾತ್ರಜ್ ಘಾಟಿಗೆ ಕರೆದೊಯ್ದು, ಬೆಳಗ್ಗೆ ಐದಕ್ಕೆ, ಆರು ಸಲ ಹತ್ತಿಸಿ ಆರು ಸಲ ಇಳಿಸಿದರು. ಪ್ರತಿ ಸಲ ಕೆಳಗೆ ಬಂದ ಮೇಲೆ ಇಳಿದು ಚಕ್ರದ ಹತ್ತಿರ ಕೈ ಹಿಡಿದು ಬಿಸಿ ನೋಡು ಎನ್ನುತ್ತಿದ್ದರು.

ನನಗೆ ಲೈಸೆನ್ಸ್ ಕೊಡಿಸಿದ ಡ್ರೈವಿಂಗ್ ಕ್ಲಾಸಿನಲ್ಲಿ ಏರಿನಲ್ಲಿ ನಿಲ್ಲಿಸಿ ಮತ್ತೆ ಗಾಡಿ ಎತ್ತುವುದನ್ನು ಕಲಿಸಿದ್ದರು. ಇಳಿಯುವುದನ್ನು ಯಾರೂ ಕಲಿಸಿರಲಿಲ್ಲ. ಇಳಿಯುವುದು ಕಲಿಯಬೇಕಾದ ವಿಷಯ ಎಂಬುದೇ ಗೊತ್ತಿರಲಿಲ್ಲ.

ಶೇಫರ್‌ಗೆ ಬರುತ್ತೇನೆ. ಬೆಳಗ್ಗೆ ಒಂಬತ್ತಕ್ಕೆ ಮೇಲಿನ ಡಾಂಬರ್ ರಸ್ತೆ ಬಿಟ್ಟು ಜಲ್ಲಿ ದಾರಿಗೆ ಇಳಿದೆವು. ಮೊದಲ ಸ್ವಲ್ಪ ದೂರ ಬಂಡೆಯ ಅಂಚಿಗೆ ಅಂಟಿಕೊಂಡು ಹೋಗುತ್ತದೆ. ಕಟ್ಟೆ ಇಲ್ಲ, ಕಂಬಿ ಇಲ್ಲ. ನನ್ನ ಕಿಟಕಿಯಿಂದ ಕೆಳಗೆ ನೋಡಿದರೆ ನೆಲ ಕಾಣುತ್ತಿರಲಿಲ್ಲ, ಗಾಳಿ ಮಾತ್ರ. ಹಕ್ಕಿಯೊಂದು ನಮಗಿಂತ ಕೆಳಗೆ ಹಾರುತ್ತಿತ್ತು. ಅಳಿಯ ಹಿಂದಿನ ಸೀಟಿನಲ್ಲಿ ಮಾತು ನಿಲ್ಲಿಸಿಬಿಟ್ಟಿದ್ದರು. ನಾನು ಮಗಳ ಕಾಲುಗಳನ್ನೇ ನೋಡುತ್ತಿದ್ದೆ. ಎರಡೂ ಪೆಡಲ್ ಬಿಟ್ಟು ಸುಮ್ನೆ ಇದ್ದವು. ಎಂಜಿನ್ ಗುಂಯ್ ಎಂದು ಒಂದೇ ಶ್ರುತಿಯಲ್ಲಿ ಗಾಡಿಯನ್ನು ಹಿಡಿದುಕೊಂಡಿತ್ತು. ತಿರುವು ಬಂದಾಗ ಮಾತ್ರ ಬ್ರೇಕಿಗೆ ಕಾಲು ಹೋಗುತ್ತಿತ್ತು. ಒತ್ತಿ, ತಿರುಗಿಸಿ, ಬಿಟ್ಟುಬಿಡುತ್ತಿದ್ದಳು. ಅವಳ ಅಪ್ಪ ಹೀಗೆಯೇ ಇಳಿಸುತ್ತಿದ್ದರು.

ತಿರುವುಗಳು ಶುರುವಾದ ಮೇಲೆ ಇನ್ನೊಂದು ವಿಷಯ ನೋಡಿದೆ. ಒಂದು ಅಗಲ ಜಾಗದಲ್ಲಿ ಮಗಳು ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದಳು. ಎರಡು ತಿರುವು ಕೆಳಗೆ ಒಂದು ಜೀಪ್ ಹತ್ತಿ ಬರುತ್ತಿತ್ತು. ನಾವು ನಿಂತೇ ಇದ್ದೆವು. ಹತ್ತುವವರಿಗೆ ಮೊದಲು ದಾರಿ, ಇಳಿಯುವವರು ಕಾಯಬೇಕು ಎಂಬುದು ಅಲ್ಲಿನ ನಿಯಮ. ಐದು ನಿಮಿಷ ಆಯಿತು. ಜೀಪ್ ನಮ್ಮ ಪಕ್ಕಕ್ಕೆ ಬಂದಾಗ ಅದರ ಡ್ರೈವರ್, ಒಬ್ಬ ಹೆಂಗಸು, ಕಿಟಕಿಯಿಂದ ಕೈ ಹೊರಗೆ ಹಾಕಿ ಎರಡು ಬೆರಳು ತೋರಿಸಿದಳು. ನಾನು ಏನೋ ಗೆಲುವಿನ ಗುರುತು ಅಂದುಕೊಂಡೆ. ‘ಅವಳ ಹಿಂದೆ ಇನ್ನೂ ಎರಡು ಗಾಡಿ ಅದಾವು ಅಂತ ಅವ್ವಾ’ ಎಂದಳು ಮಗಳು. ನಿಜ. ಎರಡನೆಯದು ಬಂತು, ಅದರವನು ಒಂದು ಬೆರಳು ತೋರಿಸಿದ. ಮೂರನೆಯದು ಬಂತು. ಅದರವನು ಮುಷ್ಟಿ ಹಿಡಿದು ತೋರಿಸಿದ. ಇನ್ನು ಯಾರೂ ಇಲ್ಲ ಎಂದರ್ಥ. ಆಮೇಲೆ ನಾವು ಇಳಿದೆವು. ಒಂದು ಹಾರ್ನ್ ಇಲ್ಲ, ಒಂದು ಲೈಟ್ ಹೊಡೆತ ಇಲ್ಲ.

ಹತ್ತುವವರಿಗೆ ಯಾಕೆ ಮೊದಲು ದಾರಿ? ಏರಿನಲ್ಲಿ ಗಾಡಿ ನಿಂತರೆ ಮತ್ತೆ ಎತ್ತುವುದು ಕಷ್ಟ. ಜಲ್ಲಿಯಲ್ಲಿ ಚಕ್ರ ತಿರುಗುತ್ತದೆ, ಗಾಡಿ ಹಿಂದಕ್ಕೆ ಜಾರುತ್ತದೆ. ಹತ್ತುವ ಡ್ರೈವರ್‌ಗೆ ಬಾನೆಟ್ ಮತ್ತು ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಳಿಯುವವನಿಗೆ ಎಲ್ಲ ಕಾಣುತ್ತದೆ. ಕಾಣುವವನು ಕಾಯಬೇಕು, ಅಷ್ಟೇ. ಇದು ಅಮೆರಿಕದವರು ಕಂಡುಹಿಡಿದದ್ದಲ್ಲ. ನಮ್ಮ ದೇಶದ 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು: ಬೆಟ್ಟದ ರಸ್ತೆ ಅಗಲ ಇಲ್ಲದ ಕಡೆ ಇಳಿಯುವ ವಾಹನ ಬದಿಗೆ ನಿಂತು, ಹತ್ತುವ ವಾಹನಕ್ಕೆ ದಾರಿ ಬಿಡಬೇಕು. ಮಳೆಗಾಲದಲ್ಲಿ ವರಂಧ ಘಾಟ್, ತಾಮ್ಹಿಣಿ ಘಾಟ್ ಕಡೆ ಹೋದವರು ನೆನಪು ಮಾಡಿಕೊಳ್ಳಿ. ಇಳಿಯುವವರೇ ಜೋರಾಗಿ ನುಗ್ಗುತ್ತಾರೆ. ಕೆಂಪು ಬಸ್ಸಿನ ಡ್ರೈವರ್ ಪಾಪ, ಐವತ್ತು ಜನರನ್ನು ಹೊತ್ತುಕೊಂಡು ಏರಿನಲ್ಲಿ ನಿಂತಿರುತ್ತಾರೆ.

ಕಡಿದಾದ ತಿರುವುಗಳೆಲ್ಲ ಮುಗಿದ ಮೇಲೆ ನಾನು ಜೀಪಿನಿಂದ ಇಳಿದೆ. ನಮ್ಮವರು ಕಲಿಸಿದ ಹಾಗೆ ಮುಂದಿನ ಚಕ್ರದ ಹತ್ತಿರ ಅಂಗೈ ಹಿಂಬದಿ ಹಿಡಿದೆ. ಬೆಚ್ಚಗಿತ್ತು, ಅಷ್ಟೇ. ಆಗ ತಾನೇ ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ರೊಟ್ಟಿಯಷ್ಟು. ಸಾವಿರದೈನೂರು ಅಡಿ ಇಳಿದಿದ್ದೇವೆ, ವಾಸನೆ ಇಲ್ಲ, ಹೊಗೆ ಇಲ್ಲ. ಮೇಲೆ ನೋಡಿದೆ. ನಾವು ಬಂದ ದಾರಿ ಬಂಡೆಯ ಮೇಲೆ ಎಲ್ಲಿದೆ ಎಂದು ಹುಡುಕಬೇಕಾಯಿತು.

ಅಲ್ಲಿಂದ ಮುಂದೆ ಪೊಟ್ಯಾಷ್ ರೋಡ್ ಹಿಡಿದು ಕೊಲೊರಾಡೊ ನದಿಯ ಪಕ್ಕದಲ್ಲಿ ಮೋಆಬ್‌ಗೆ ವಾಪಸ್ ಬಂದೆವು. ದಾರಿಯಲ್ಲಿ ಕಡು ನೀಲಿ ಬಣ್ಣದ ದೊಡ್ಡ ಕೆರೆಗಳು ಕಂಡವು. ಕೆಂಪು ಬಂಡೆಯ ನಡುವೆ ಆ ನೀಲಿ ನೋಡಿದರೆ ಕಣ್ಣು ಕೋರೈಸುತ್ತದೆ. ನೆಲದಡಿಯ ಪೊಟ್ಯಾಷನ್ನು ನೀರಿನಲ್ಲಿ ಕರಗಿಸಿ ಮೇಲೆ ತಂದು ಆ ಕೆರೆಗಳಲ್ಲಿ ಒಣಗಿಸುತ್ತಾರೆ. ಬಿಸಿಲು ಬೇಗ ಹೀರಲಿ ಎಂದು ನೀಲಿ ಬಣ್ಣ ಬೆರೆಸುತ್ತಾರೆ. ನಮ್ಮ ಇಂಡಿಯ ನಿಂಬೆ, ದ್ರಾಕ್ಷಿ ತೋಟದವರು ಪೊಟ್ಯಾಷ್ ಚೀಲ ಹೊತ್ತವರೇ. ಅಣ್ಣನಿಗೆ ಕಳಿಸಲೆಂದು ಫೋಟೋ ತೆಗೆದುಕೊಂಡೆ.

ಹೋಗಬೇಕೆನ್ನುವವರಿಗೆ ಎರಡು ಮಾತು. ಮಳೆ, ಹಿಮ ಬಿದ್ದ ದಿನ ಅಲ್ಲಿಗೆ ಇಳಿಯಬೇಡಿ. ನೀರು ಜಾಸ್ತಿ ಇಟ್ಟುಕೊಳ್ಳಿ, ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್. ಕೆಳಗೆ ಫೋನ್ ಸಿಗುವುದಿಲ್ಲ. ಗಾಡಿ ಕೆಟ್ಟರೆ ಎಳೆಸಿಕೊಂಡು ಬರಲು ಸಾವಿರ ಡಾಲರಿಗಿಂತ ಹೆಚ್ಚು ಬೀಳುತ್ತದೆ. ಮತ್ತೆ, ರಸ್ತೆ ಬಿಟ್ಟು ಚಕ್ರ ಇಳಿಸಬಾರದು, ಕಾಲೂ ಇಡಬಾರದು. ರಸ್ತೆ ಪಕ್ಕದ ಮಣ್ಣಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಒಂದು ಪದರ ಇದೆ. ನೋಡಿದರೆ ಸುಟ್ಟ ಮಣ್ಣು ಅನಿಸುತ್ತದೆ. ಅದು ಜೀವ ಇರುವ ಪದರ, ಪಾಚಿಯ ಜಾತಿಯದು. ಗಾಳಿಗೆ ಮಣ್ಣು ಹಾರಿಹೋಗದಂತೆ ಹಿಡಿದಿಡುವುದು ಅದೇ. ಒಮ್ಮೆ ತುಳಿದರೆ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು.

ಡೆನ್ವರ್‌ಗೆ ವಾಪಸ್ ಬರುವಾಗ ಇನ್ನೊಂದು ಕಂಡೆ. ದೊಡ್ಡ ಹೆದ್ದಾರಿ ಬೆಟ್ಟ ಹತ್ತಿ, ಸುರಂಗ ದಾಟಿ, ಉದ್ದಕ್ಕೆ ಇಳಿಯುತ್ತದೆ. ಲಾರಿಯವರಿಗಾಗಿಯೇ ಬೋರ್ಡ್‌ಗಳು. ಇಳಿಜಾರು ಇನ್ನೂ ಇಷ್ಟು ಮೈಲಿ ಇದೆ, ಮುಗಿಯಿತೆಂದು ತಿಳಿಯಬೇಡಿ, ಸಣ್ಣ ಗೇರಿನಲ್ಲೇ ಇರಿ ಎಂದು. ಅಲ್ಲಲ್ಲಿ ರಸ್ತೆಯ ಪಕ್ಕಕ್ಕೆ ಒಂದು ದಾರಿ ಒಡೆದು, ಮೇಲಕ್ಕೆ ಹತ್ತಿ, ಅಲ್ಲೇ ಮುಗಿಯುತ್ತದೆ. ಅದರ ತುಂಬ ದಪ್ಪಗೆ ಸಡಿಲ ಜಲ್ಲಿ. ಬ್ರೇಕ್ ಹಿಡಿಯದ ಲಾರಿ ಅದರೊಳಗೆ ನುಗ್ಗಿದರೆ ಜಲ್ಲಿಯಲ್ಲಿ ಹೂತು ನಿಲ್ಲುತ್ತದೆ. ಡ್ರೈವರ್‌ನ ಜೀವವೂ ಉಳಿಯುತ್ತದೆ, ಮುಂದಿನವರದ್ದೂ.

ಈಗ ನಮ್ಮ ಮಾಳಿಗೆಯಿಂದ ಕಾಣುವ ಇಳಿಜಾರಿನ ವಿಷಯ.

2022ರ ನವೆಂಬರ್ 20ರ ರಾತ್ರಿ ನವಲೆ ಬ್ರಿಡ್ಜ್ ಹತ್ತಿರ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ನಾವು ಊಟಕ್ಕೆ ಕೂತಿದ್ದೆವು. ಒಂದರ ಹಿಂದೆ ಒಂದು ಆಂಬ್ಯುಲೆನ್ಸ್ ಸದ್ದು. ಮೊದಲು ಬಂದ ಸುದ್ದಿ ಬ್ರೇಕ್ ಫೇಲ್ ಅಂತಲೇ. ಆಮೇಲೆ ಪೊಲೀಸರು ಹೇಳಿದ್ದು ಬೇರೆ: ಡ್ರೈವರ್ ಇಳಿಜಾರಿನಲ್ಲಿ ಎಂಜಿನ್ ಆರಿಸಿದ್ದ. ಎರಡನೇ ಸುದ್ದಿ ಎಷ್ಟು ಜನ ಓದಿದರು? 2025ರ ನವೆಂಬರ್‌ನಲ್ಲಿ ಅದೇ ಜಾಗದಲ್ಲಿ ಮತ್ತೆ ಕಂಟೇನರ್ ಲಾರಿ, ಬೆಂಕಿ, ಸಾವು. ನಾನು ಮರುದಿನ ವ್ಯಾನಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸರ್ವಿಸ್ ರೋಡಿನಲ್ಲಿ ಹೋದೆ. ಏಳು ವರ್ಷದ ಹುಡುಗಿ ‘ಮಾವಶಿ, ಇಲ್ಲೇನಾ?’ ಎಂದು ಮರಾಠಿಯಲ್ಲಿ ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಡ್ರೈವರ್‌ಗಳು ಯಾಕೆ ಹೀಗೆ ಮಾಡುತ್ತಾರೆ? ನನ್ನ ಮೈದುನ ಈಗಲೂ ಇದೇ ಲೈನಿನಲ್ಲಿ ಲಾರಿ ಓಡಿಸುತ್ತಾನೆ. ದೀಪಾವಳಿಗೆ ಬಂದಾಗ ನೇರವಾಗಿ ಕೇಳಿದೆ. ಅವನು ಮುಚ್ಚಿಡಲಿಲ್ಲ. ಅವನ ಮಾಲೀಕರು ಒಂದು ಟ್ರಿಪ್ಪಿಗೆ ಇಷ್ಟು ಡೀಸೆಲ್ ಎಂದು ಲೆಕ್ಕ ಕಟ್ಟಿ ಕೊಡುತ್ತಾರೆ. ಹೆಚ್ಚು ಸುಟ್ಟರೆ ಇವನ ಜೇಬಿನಿಂದ, ಉಳಿದರೆ ಇವನಿಗೆ. ನಿಪ್ಪಾಣಿ ಹತ್ತಿರದ ತವಂದಿ ಘಾಟ್, ಖಂಬಾಟ್ಕಿ ಘಾಟ್, ಕಾತ್ರಜ್. ಇಳಿಜಾರು ಬಂದ ಕಡೆಯೆಲ್ಲ ನ್ಯೂಟ್ರಲ್ ಮಾಡಿ, ಕೆಲವರು ಎಂಜಿನ್ನನ್ನೇ ಆರಿಸಿ, ತೇಲಿಸಿಕೊಂಡು ಬರುತ್ತಾರೆ. ಅವರ ಲೆಕ್ಕದಲ್ಲಿ ಅದು ಮನೆಗೆ ಹೋಗುವ ನಾಲ್ಕು ಕಾಸು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಲೆಕ್ಕ ಕಟ್ಟಿದವರ ಮೇಲೆ ಬಂತು.

ಆದರೆ ಆ ಲೆಕ್ಕವೇ ತಪ್ಪು. ಇದನ್ನು ಪ್ರತಿ ಲಾರಿ ಡ್ರೈವರ್‌ಗೂ, ಮಾಲೀಕನಿಗೂ ಯಾರಾದರೂ ಕೂರಿಸಿ ಹೇಳಬೇಕು. ಈಗಿನ ಎಂಜಿನ್‌ಗಳಲ್ಲಿ, ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಎಂಜಿನ್ ಗಾಡಿಯನ್ನು ಹಿಡಿಯುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರದೆ ಇರಲು ಡೀಸೆಲ್ ಕುಡಿಯಲೇಬೇಕು. ಅಂದರೆ ನ್ಯೂಟ್ರಲ್‌ನಲ್ಲೇ ಖರ್ಚು. ಎಂಜಿನ್ ಪೂರ್ತಿ ಆರಿಸಿದರೆ ಡೀಸೆಲ್ ಹೋಗುವುದಿಲ್ಲ, ನಿಜ. ಆದರೆ ಗೇರಿನಲ್ಲಿ ಇಳಿದಿದ್ದರೂ ಹೋಗುತ್ತಿರಲಿಲ್ಲ. ಮೇಲಾಗಿ, ಲಾರಿಯ ಬ್ರೇಕ್ ಕೆಲಸ ಮಾಡುವುದು ಗಾಳಿಯ ಒತ್ತಡದಿಂದ. ಆ ಗಾಳಿ ತುಂಬುವುದು ಎಂಜಿನ್. ಆರಿಸಿದ ಮೇಲೆ ಟ್ಯಾಂಕಿನಲ್ಲಿ ಉಳಿದಷ್ಟೇ ಗಾಳಿ. ಒಂದೊಂದು ಸಲ ಬ್ರೇಕ್ ಒತ್ತಿದಾಗಲೂ ಅದು ಕಡಿಮೆ ಆಗುತ್ತಾ ಹೋಗುತ್ತದೆ. ಸ್ಟೇರಿಂಗೂ ಕಲ್ಲಿನಂತೆ ಗಟ್ಟಿ ಆಗುತ್ತದೆ.

ಎಂಜಿನ್ ಓಡುತ್ತಿದ್ದರೂ ನ್ಯೂಟ್ರಲ್‌ನಲ್ಲಿ ಇದ್ದರೆ ಅಷ್ಟೂ ಭಾರ ಬ್ರೇಕಿನ ಮೇಲೆಯೇ. ಮೂವತ್ತು ಟನ್ ಕೆಳಗೆ ಬರುತ್ತಿದೆ. ಅದರ ರಭಸ ಎಲ್ಲಿಗಾದರೂ ಹೋಗಲೇಬೇಕಲ್ವಾ? ಬ್ರೇಕ್ ಅದನ್ನು ಬಿಸಿಯಾಗಿ ಮಾಡುತ್ತದೆ. ಚಕ್ರದೊಳಗಿನ ಬ್ರೇಕ್ ಡ್ರಮ್ ಕಾದು ಹಿಗ್ಗುತ್ತದೆ, ಅದನ್ನು ಒತ್ತಿ ಹಿಡಿಯುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ನನ್ನ ವ್ಯಾನಿಗೆ ಸಿಂಹಗಡದಲ್ಲಿ ಆದದ್ದು ಇದೇ. ಸಂಜೆ ನಾನು ಮಾಳಿಗೆ ಮೇಲೆ ಬಟ್ಟೆ ತೆಗೆಯಲು ಹೋದಾಗ ಹೆದ್ದಾರಿ ಕಡೆಯಿಂದ ಎಷ್ಟೋ ಸಲ ಆ ಘಾಟು ಬರುತ್ತದೆ. ಆಗೆಲ್ಲ ನಿಂತು ಕೆಳಗೆ ನೋಡುತ್ತೇನೆ, ಏನೂ ಆಗದಿರಲಿ ಎಂದು.

ಹೀಗಾದ ಮೇಲೆ ಅದನ್ನು ‘ಬ್ರೇಕ್ ಫೇಲ್’ ಎಂದು ಕರೆಯುವುದು ಸರಿಯೇ? ಹಾಗೆ ಬರೆದರೆ ಓದಿದವರಿಗೆ ಏನನಿಸುತ್ತದೆ? ಗಾಡಿ ಕೆಟ್ಟಿತ್ತು, ಹಣೆಬರಹ, ಯಾರೇನು ಮಾಡಲಾದೀತು ಎಂದು. ಮುಂದಿನ ಡ್ರೈವರ್ ಅದೇ ಓದಿ, ಅದೇ ಇಳಿಜಾರಿನಲ್ಲಿ ಮತ್ತೆ ನ್ಯೂಟ್ರಲ್ ಮಾಡುತ್ತಾನೆ. ನಿಜವಾಗಿಯೂ ಬ್ರೇಕ್ ಕೆಟ್ಟಿರುವ ಗಾಡಿಗಳೂ ಇರುತ್ತವೆ, ಇಲ್ಲವೆನ್ನುವುದಿಲ್ಲ. ಅದಕ್ಕೇ ಕೇಳಬೇಕು. ಸಂಪಾದಕರೇ, ನಿಮ್ಮಲ್ಲಿ ನನ್ನ ಮೊದಲ ಬೇಡಿಕೆ ಇದು. ನಿಮ್ಮ ವರದಿಗಾರರು ಇಂಥ ಅಪಘಾತದ ಸುದ್ದಿ ಬರೆಯುವಾಗ ಪೊಲೀಸರನ್ನು ಒಂದು ಪ್ರಶ್ನೆ ಕೇಳಲಿ. ಗಾಡಿ ಯಾವ ಗೇರಿನಲ್ಲಿತ್ತು? ಉತ್ತರ ಸಿಕ್ಕರೆ ಅದನ್ನು ಬರೆಯಲಿ. ಸಿಗದಿದ್ದರೆ ‘ಕಾರಣ ತಿಳಿದಿಲ್ಲ’ ಎಂದಾದರೂ ಬರೆಯಲಿ. ಈ ಹೆದ್ದಾರಿಯಲ್ಲಿ ಓಡಾಡುವ ಡ್ರೈವರ್‌ಗಳಲ್ಲಿ ಕನ್ನಡ ಓದುವವರು ಕಡಿಮೆ ಇಲ್ಲ. ಢಾಬಾಗಳಲ್ಲಿ ಚಹಾ ಜೊತೆ ಪೇಪರ್ ಓದುತ್ತಾರೆ. ನಮ್ಮವರು ದಿನಾ ಓದುತ್ತಿದ್ದರು.

ಡ್ರೈವಿಂಗ್ ಕ್ಲಾಸ್ ನಡೆಸುವವರಿಗೂ ಕೈಮುಗಿದು ಹೇಳುತ್ತೇನೆ. ಪುಣೆಯ ಸುತ್ತ ಘಾಟ್‌ಗಳಿಗೆ ಬರವಿಲ್ಲ. ಒಂದು ಬೆಳಗ್ಗೆ ಹುಡುಗ ಹುಡುಗಿಯರನ್ನು ಹಳೇ ಕಾತ್ರಜ್‌ಗೋ, ದಿವೇ ಘಾಟಿಗೋ ಕರೆದೊಯ್ದು, ಸೆಕೆಂಡ್ ಗೇರಿನಲ್ಲಿ ಇಳಿಯುವುದು ಹೇಗೆ ಎಂದು ಕಲಿಸಿ. ಕೆಳಗೆ ಬಂದ ಮೇಲೆ ಚಕ್ರದ ಬಿಸಿ ನೋಡಲು ಹೇಳಿ. ಒಂದೇ ಪಾಠ ಸಾಕು, ಮರೆಯುವುದಿಲ್ಲ. ಪ್ರತಿ ಜೂನ್‌ನಲ್ಲಿ ಮುಂಬೈ, ಪುಣೆಯಿಂದ ಗುಂಪು ಕಟ್ಟಿಕೊಂಡು ಲಡಾಖ್, ಸ್ಪಿತಿಗೆ ಜೀಪ್ ಒಯ್ಯುವ ನಮ್ಮ ಹುಡುಗರಿಗೂ ಇದು ಬೇಕು. ಅದೂ ಮರುಭೂಮಿಯೇ, ತಣ್ಣನೆಯ ಮರುಭೂಮಿ. ಮನಾಲಿ–ಲೇಹ್ ದಾರಿಯ ಗಾಟಾ ಲೂಪ್ಸ್‌ನಲ್ಲಿ ಒಂದರ ಮೇಲೊಂದು 21 ತಿರುವು. ಅಲ್ಲಿಗೆ ಹೋಗಿ ಕಲಿಯುವುದಲ್ಲ, ಕಲಿತು ಹೋಗಿ.

ಹೆದ್ದಾರಿ ನೋಡಿಕೊಳ್ಳುವವರಲ್ಲಿ ಕೇಳುವುದು ಇಷ್ಟೇ. ಸುರಂಗದಿಂದ ಹೊರಗೆ ಬಂದ ಕೂಡಲೇ ಲಾರಿಗಳು ನಿಂತು ಬ್ರೇಕ್ ನೋಡಿಕೊಂಡು ಗೇರ್ ಇಳಿಸಿಕೊಳ್ಳಲು ಅಗಲ ಜಾಗ ಬೇಕು. ‘ನ್ಯೂಟ್ರಲ್ ಮಾಡಬೇಡಿ’ ಎಂಬ ಬೋರ್ಡ್ ಮರಾಠಿ, ಹಿಂದಿ ಜೊತೆಗೆ ಕನ್ನಡದಲ್ಲೂ, ತಮಿಳು ತೆಲುಗಿನಲ್ಲೂ ದೊಡ್ಡದಾಗಿ ಇರಲಿ. ಈ ದಾರಿ ಹಿಡಿದು ಬರುವ ಲಾರಿಗಳಲ್ಲಿ ದಕ್ಷಿಣದವೂ ಇವೆ. ಜಲ್ಲಿ ತುಂಬಿದ ಆ ಏರು ದಾರಿಯನ್ನೂ ಕಟ್ಟಿ.

ಮಾಲೀಕರೇ, ಟ್ರಿಪ್ಪಿಗೆ ಲೆಕ್ಕ ಕಟ್ಟಿ ಡೀಸೆಲ್ ಕೊಡುವುದಾದರೆ ಘಾಟಿನಲ್ಲಿ ಸಣ್ಣ ಗೇರಿನಲ್ಲಿ ಬರುವ ಡ್ರೈವರ್‌ನ ಸಮಯವನ್ನೂ ಅದೇ ಲೆಕ್ಕದಲ್ಲಿ ಹಿಡಿಯಿರಿ. ಅವನು ಹದಿನೈದು ನಿಮಿಷ ತಡವಾಗಿ ಬಂದರೆ ಫೋನಿನಲ್ಲಿ ಕೂಗಾಡಬೇಡಿ.

ಕೊನೆಗೆ ಕಾರಿನವರಿಗೆ ಒಂದು ಮಾತು. ಆವತ್ತು ಮೈದುನನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವನು ಒಪ್ಪಿಕೊಂಡ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: ‘ವೈನಿ, ನಾ ಮೂರನೇ ಗೇರ್‌ನಾಗ ಇಳಿದ್ರ ಹಿಂದಿನ ಕಾರ್‌ನಾಂವ ಒಂದ ಸಮ ಹಾರ್ನ್ ಹೊಡೀತಾನ. ಲೈಟ್ ಹೊಡೀತಾನ. ಬಾಜೂಕ ಬಂದು ಬೈದು ಹೋಗ್ತಾನ. ನನಗ ಕೈ ನಡಗತಾವ.’

ಕಾತ್ರಜ್ ಸುರಂಗ ದಾಟಿದ ಮೇಲೆ ನಿಮ್ಮ ಮುಂದೆ ಒಂದು ಲಾರಿ ಎಡಗಡೆ ಹಿಡಿದು, ಎಂಜಿನ್ ಗುರ್‌ಗುಟ್ಟಿಸುತ್ತಾ ನಿಧಾನಕ್ಕೆ ಇಳಿಯುತ್ತಿದ್ದರೆ, ದಯವಿಟ್ಟು ಹಾರ್ನ್ ಹೊಡೆಯಬೇಡಿ. ದೂರ ಬಿಟ್ಟು ಹಿಂದೆ ಬನ್ನಿ. ನವಲೆ ಬ್ರಿಡ್ಜ್‌ವರೆಗೆ ಕೆಲವೇ ನಿಮಿಷದ ದಾರಿ.

ಇಂತಿ,
ಒಬ್ಬ ಸ್ಕೂಲ್ ವ್ಯಾನ್ ಚಾಲಕಿ,
ಆಂಬೇಗಾಂವ್, ಪುಣೆ